ಮಳೆಯ ಕಡೆಯ ಗೋಡೆ

ರಜೆಯಲ್ಲಿ ಊರಿಗೆ ಹೋಗಿಬಂದ ನಮ್ಮವರು ಮನೆಯ ಸುದ್ದಿ ಹೇಳುತ್ತಾರೆ, ತೋಟದ ಸುದ್ದಿ ಹೇಳುತ್ತಾರೆ, ಅಡಿಕೆಯ ದರವನ್ನಂತೂ ತಪ್ಪದೆ ಹೇಳುತ್ತಾರೆ. ಕೊಟ್ಟಿಗೆಯ ಸುದ್ದಿ ಹೇಳಿದವರನ್ನು ನಾನು ಕಂಡದ್ದು ಅಪರೂಪ. ಘಟ್ಟದ ಮೇಲಿನ ಅಡಿಕೆ ಸೀಮೆಯಲ್ಲಿ ಕೊಟ್ಟಿಗೆಯೆಂದರೆ ಬರಿಯ ಹಾಲಿನ ಮೂಲವಲ್ಲ. ಬೆಟ್ಟದಿಂದ ಹೊತ್ತು ತಂದ ಸೊಪ್ಪು ದನಗಳ ಕಾಲಡಿಯಲ್ಲಿ ಸಗಣಿ ಗಂಜಲಗಳೊಡನೆ ಬೆರೆತು ಗೊಬ್ಬರವಾಗುವುದೂ ಅಲ್ಲಿಯೇ. ಆ ಗೊಬ್ಬರವನ್ನು ನೆಚ್ಚಿಯೇ ತೋಟ ನಿಂತಿದೆ. ಮನೆ ಸೋರಿದರೆ ತಪ್ಪಲೆ ಇಟ್ಟು ನಾಲ್ಕು ದಿನ ದೂಡಬಹುದು. ಕೊಟ್ಟಿಗೆಗೆ ಇರಚಲು ಹೊಡೆದರೆ ದನ ಮಲಗುವುದಿಲ್ಲ, ಗೊಬ್ಬರದ ಸಾರವೂ ಅಂಗಳಕ್ಕೆ ಹರಿದುಹೋಗುತ್ತದೆ.

ನಾನು ಕಳೆದ ಮೇ ತಿಂಗಳಲ್ಲಿ ಶಿರಸಿ ಸೀಮೆಯ ನಮ್ಮ ಹಳ್ಳಿಗೆ ಹೋದದ್ದು ಅಂಥ ಒಂದು ಗೋಡೆಯ ಸಲುವಾಗಿ. ಅಣ್ಣನಿಗೆ ಎಪ್ಪತ್ತು ದಾಟಿದೆ. ಹಿಂದೆ ಹನ್ನೊಂದು ದನಗಳಿದ್ದ ಕೊಟ್ಟಿಗೆಯಲ್ಲಿ ಈಗ ಮೂರು. ಮಳೆಗಾಲದೊಳಗೆ ಗೋಡೆಯಾಗದಿದ್ದರೆ ಆ ಮೂರನ್ನೂ ಯಾರಿಗಾದರೂ ಕೊಟ್ಟುಬಿಡುವುದೆಂದು ಫೋನಿನಲ್ಲಿ ತಣ್ಣಗೆ ಹೇಳಿದ. ಅಣ್ಣ ಕೂಗಿ ಹೇಳಿದ್ದರೆ ನಾನು ಹೋಗುತ್ತಿದ್ದೆನೋ ಇಲ್ಲವೋ. ತಣ್ಣಗೆ ಹೇಳಿದ್ದರಿಂದ ಹೊರಟೆ.

೧೯೯೮ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ತಿ ತೆರೆದ ಮೇಲೆ ಮುಂಬಯಿಯವರಿಗೆ ಉತ್ತರ ಕನ್ನಡವು ಒಂದು ರಾತ್ರಿಯ ದಾರಿಯಾಗಿದೆ. ಮಧ್ಯಾಹ್ನದ ಮೇಲೆ ಗಾಡಿ ಹತ್ತಿದರೆ ಬೆಳಗಿನ ಜಾವಕ್ಕೆ ಕುಮಟೆ. ಅಲ್ಲಿಂದ ದೇವಿಮನೆ ಘಟ್ಟ ಹತ್ತಿದರೆ ಶಿರಸಿ. ಗೋಡೆಯ ಚಿಂತೆ ತಲೆಯಲ್ಲಿದ್ದುದರಿಂದ ಈ ಸಲ ನಾನು ದಾರಿಯುದ್ದಕ್ಕೂ ಗೋಡೆಗಳನ್ನೇ ನೋಡಿದೆ. ಸಮುದ್ರದ ಬದಿಯಲ್ಲಿ ಚಿರೇಕಲ್ಲಿನ ಗೋಡೆ, ಅದರ ಪಡುವಣ ಮೈಗೆ ತೆಂಗಿನ ಮಡಲು ಹೆಣೆದ ತಟ್ಟಿ. ಘಟ್ಟ ಹತ್ತುತ್ತಿದ್ದಂತೆ ತೆಂಗು ಹಿಂದೆ ಸರಿದು ಅಡಿಕೆ ಮುಂದೆ ಬರುತ್ತದೆ. ತಟ್ಟಿಯೂ ಮಡಲನ್ನು ಬಿಟ್ಟು ಸೋಗೆಯನ್ನು ಹಿಡಿಯುತ್ತದೆ. ಬೇಲಿ, ಕಟ್ಟಿಗೆಮನೆ, ಕೊಟ್ಟಿಗೆ ಎಲ್ಲಕ್ಕೂ ಅಡಿಕೆ ದಬ್ಬೆ. ಯಾವ ಊರಿನಲ್ಲಿ ಏನು ಬೆಳೆಯುತ್ತದೋ ಅದೇ ಆ ಊರಿನ ಗೋಡೆ. ಈಚೆಗೆ ಈ ಮಾತು ಪೂರ್ತಿ ನಿಜವಲ್ಲ. ಕರಾವಳಿಯಿಂದ ಘಟ್ಟದ ನೆತ್ತಿಯವರೆಗೂ ನೀಲಿ ಪ್ಲಾಸ್ಟಿಕ್ ಹೊದಿಕೆ ಸಮನಾಗಿ ಹಬ್ಬಿದೆ. ಎರಡು ಬೇಸಗೆಯ ಬಿಸಿಲಿಗೆ ಅದು ಚಿಂದಿಯಾಗಿ ಗಾಳಿಗೆ ಪಟಪಟನೆ ಹೊಡೆದುಕೊಳ್ಳುವುದನ್ನು ನೋಡಿದರೆ ಮನಸ್ಸಿಗೆ ಹಿತವಾಗುವುದಿಲ್ಲ.

ನಮ್ಮ ಕೊಟ್ಟಿಗೆ ಅಜ್ಜನ ಕಾಲದ್ದು. ಎರಡಡಿ ಎತ್ತರದ ಕಲ್ಲಿನ ಪಾಗಾರ, ಅದರ ಹೊರ ಅಂಚಿಗೆ ಒತ್ತಿ ನಿಂತ ಮತ್ತಿ ಮರದ ಕಂಬಗಳು, ಮೇಲೆ ಮಂಗಳೂರು ಹಂಚು. ಭಾರವೆಲ್ಲ ಕಂಬದ ಮೇಲೆ. ಗೋಡೆ ಬರಿಯ ಮರೆ. ಅಮೆರಿಕದ ರೈತರಲ್ಲಿಯೂ ಇಂಥದೇ ಕಟ್ಟಡವಿದೆ, ಅದಕ್ಕೆ ಅವರು ಕಂಬದ ಕೊಟ್ಟಿಗೆಯೆಂದೇ ಹೆಸರಿಟ್ಟಿದ್ದಾರೆ. ೧೯೩೦ರ ದಶಕದ ಹಣದ ಮುಗ್ಗಟ್ಟಿನಲ್ಲಿ ಅದು ಅಲ್ಲಿ ಬಳಕೆಗೆ ಬಂತು: ಅಡಿಪಾಯದ ಖರ್ಚಿಲ್ಲದೆ ಕಂಬ ಹುಗಿಯುವುದು, ಅಡ್ಡಪಟ್ಟಿ ಹೊಡೆಯುವುದು, ಮೇಲೆ ತಗಡನ್ನೋ ಹಲಗೆಯನ್ನೋ ಹೊದಿಸುವುದು. ಆ ದೇಶದಲ್ಲಿರುವ ನಮ್ಮ ಸೋದರಳಿಯ ತನ್ನ ನೆರೆಯವರ ಕೊಟ್ಟಿಗೆಯ ಪಟ ಕಳಿಸಿದಾಗ ಅಣ್ಣ ಕನ್ನಡಕ ಏರಿಸಿ ನೋಡಿ, “ಇದರಲ್ಲೇನು ಹೊಸತು? ಕಂಬ ಮಾತ್ರ ನಮ್ಮದಕ್ಕಿಂತ ನೆಟ್ಟಗಿದೆ” ಎಂದ.

ಹಳೆಯ ಗೋಡೆ ಸೋಗೆಯದು. ಒಂದು ಅಡಿಕೆ ಮರ ವರ್ಷಕ್ಕೆ ಐದಾರು ಸೋಗೆ ಉದುರಿಸುತ್ತದೆ. ಅವನ್ನು ಒಟ್ಟುಮಾಡಿ, ಒಣಗಿಸಿ, ಮೇ ತಿಂಗಳಲ್ಲಿ ನಾಲ್ಕು ಜನ ಕೂತು ತಟ್ಟಿ ಕಟ್ಟಿದರೆ ಗೋಡೆಯಾಯಿತು. ಒಂದು ಮಳೆಗಾಲ ಚೆನ್ನಾಗಿ ತಡೆಯುತ್ತದೆ, ಎರಡನೆಯದರಲ್ಲಿ ಕೊಳೆಯುತ್ತದೆ. ಕೊಳೆತದ್ದು ಮತ್ತೆ ತೋಟಕ್ಕೇ ಗೊಬ್ಬರ. ಇದಕ್ಕಿಂತ ಒಳ್ಳೆಯ ಗೋಡೆ ಬೇರೆಲ್ಲಿದೆ? ಆದರೆ ಆ ನಾಲ್ಕು ಜನ ಈಗ ಇಲ್ಲ. ಕಟ್ಟಬಲ್ಲವನೊಬ್ಬ ಊರಿನಲ್ಲಿದ್ದಾನೆ, ಅವನಿಗೂ ಅಣ್ಣನಷ್ಟೇ ವಯಸ್ಸು. ಅವನ ಮಕ್ಕಳು ಪೇಟೆಯಲ್ಲಿದ್ದಾರೆ, ನಮ್ಮ ಹಾಗೆಯೇ.

ಆದುದರಿಂದ ತಗಡು ಹಾಕಿಸುವುದೆಂದು ನಾನು ಮುಂಬಯಿಯಲ್ಲಿಯೇ ತೀರ್ಮಾನ ಮಾಡಿಕೊಂಡು ಹೋಗಿದ್ದೆ. ನಾಲ್ಕೂ ಕಡೆ ತಗಡು, ಇಪ್ಪತ್ತು ವರ್ಷದ ನೆಮ್ಮದಿ. ಅತ್ತಿಗೆ ಕಾಫಿ ಲೋಟ ಕೈಗಿಟ್ಟು ಒಂದೇ ಮಾತಿನಲ್ಲಿ ಕೇಳಿದರು: “ತಮಾ, ತಗಡು ಹಾಕ್ಸದಾದ್ರೆ ದನಾನ ಒಂದ್ಸಲ ಕೇಳ್ಕಂಡು ಹಾಕ್ಸು.”

ನಾನು ನಕ್ಕೆ. ಅವರು ನಗಲಿಲ್ಲ. ಏಪ್ರಿಲ್ ಬಿಸಿಲಿಗೆ ಕಾದ ತಗಡಿನ ನಡುವೆ ದಿನವಿಡೀ ನಿಲ್ಲುವುದು ತಾನಲ್ಲ, ನಾನೂ ಅಲ್ಲ, ಆ ಮೂರು ದನ ಎಂಬುದು ಅವರ ವಾದ. ಮೇಲಾಗಿ ನಾಲ್ಕೂ ಕಡೆ ಮುಚ್ಚಿದರೆ ಗಂಜಲದ ಘಾಟು ಎಲ್ಲಿಗೆ ಹೋಗಬೇಕು? ಎರಡು ದಿನ ಮಾತು ನಡೆಯಿತು. ಕೊನೆಗೆ ಒಂದು ಗೋಡೆಗೆ ಒಂದೇ ನ್ಯಾಯವೆಂಬ ನನ್ನ ಹಟ ಸಡಿಲಿತು. ನಮ್ಮಲ್ಲಿ ಮಳೆ ಬರುವುದು ಪಡುವಣ ಮತ್ತು ತೆಂಕಣ ದಿಕ್ಕಿನಿಂದ. ಬಡಗಣ, ಮೂಡಣ ಗೋಡೆಗಳಿಗೆ ಗಾಳಿಯಾಡುವ ದಬ್ಬೆ ಸಾಕು. ತೆಂಕಣಕ್ಕೆ ಮಳೆಗಾಲಕ್ಕೆ ಮಾತ್ರ ಕಟ್ಟಿ ಬಿಚ್ಚುವ ಸೋಗೆ ತಟ್ಟಿ; ಅಷ್ಟನ್ನು ಆ ಮುದುಕ ಒಬ್ಬನೇ ಕಟ್ಟಿಕೊಡಲು ಒಪ್ಪಿದ. ಪಡುವಣ ಗೋಡೆಗೆ ತಗಡು, ಅದೂ ತಿಳಿ ಬಣ್ಣದ್ದು, ಬಿಸಿಲನ್ನು ಹಿಂದಕ್ಕೆ ಎಸೆಯಲೆಂದು.

ಕಲ್ನಾರಿನ ಸಿಮೆಂಟು ಹಾಳೆಯ ಮಾತೂ ನಡುವೆ ಬಂತು. ಅದು ತಗಡಿನಷ್ಟು ಕಾಯುವುದಿಲ್ಲ, ಸದ್ದೂ ಕಡಿಮೆ. ಆದರೆ ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ವಿಷ. ಅರುವತ್ತಕ್ಕೂ ಹೆಚ್ಚು ದೇಶಗಳು ಅದನ್ನು ನಿಷೇಧಿಸಿವೆ. ಕೊರೆಯುವಾಗ, ಕತ್ತರಿಸುವಾಗ, ದನದ ಕೊಂಬು ತಾಗಿ ಒಡೆದಾಗ ಆ ಧೂಳು ಏಳುತ್ತದೆ. ಆ ಮಾತನ್ನು ಅಲ್ಲಿಗೇ ಬಿಟ್ಟೆವು.

ತಗಡಿನಲ್ಲಿಯೂ ಜಾತಿಗಳಿವೆ. ಕಬ್ಬಿಣದ ಹಾಳೆಯನ್ನು ಅಲೆಯಲೆಯಾಗಿ ಮಡಿಸಿದರೆ ತೆಳುವಾಗಿಯೂ ಬಾಗದೆ ನಿಲ್ಲುತ್ತದೆಂದು ೧೮೨೯ರಲ್ಲಿ ಪೇಟೆಂಟ್ ಪಡೆದವನು ಹೆನ್ರಿ ರಾಬಿನ್ಸನ್ ಪಾಮರ್ ಎಂಬ ಲಂಡನ್ನಿನ ಹಡಗುಕಟ್ಟೆಯ ಎಂಜಿನಿಯರ್. ಅದರ ಮೇಲೆ ಕರಗಿದ ಸತುವಿನ ಲೇಪ ಕೊಡುವ ಕ್ರಮಕ್ಕೆ ೧೮೩೭ರಲ್ಲಿ ಸೊರೆಲ್ ಎಂಬ ಫ್ರೆಂಚನು ಪೇಟೆಂಟ್ ಪಡೆದ. ೧೯೭೨ರಿಂದ ಅಲ್ಯುಮಿನಿಯಂ ಮತ್ತು ಸತು ಬೆರೆಸಿದ ಲೇಪದ ತಗಡು ಮಾರುಕಟ್ಟೆಯಲ್ಲಿದೆ. ಪೇಟೆಯ ಅಂಗಡಿಯವರು ಹೊಳೆಯುವ ಆ ಕೊನೆಯದನ್ನೇ ಮುಂದೆ ಮಾಡಿದರು. ಮಾಡಿಗೆ, ಅಡಿಕೆ ಒಣಗಿಸುವ ಚಪ್ಪರಕ್ಕೆ ಅದು ಬಲು ಒಳ್ಳೆಯದು. ಕೊಟ್ಟಿಗೆಗೆ ಅಲ್ಲ. ಗಂಜಲದಿಂದೇಳುವ ಅಮೋನಿಯಾ ಕ್ಷಾರ ಗುಣದ್ದು. ಕ್ಷಾರವು ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ. ದನ ಕಟ್ಟುವ ಜಾಗಕ್ಕೆ ದಪ್ಪ ಸತುವಿನ ಲೇಪವಿದ್ದು ಎರಡೂ ಮೈಗೆ ಬಣ್ಣ ಬಳಿದ ತಗಡೇ ಮೇಲು.

ಇಪ್ಪತ್ತೆಂಟು ಅಡಿ ಉದ್ದದ ಗೋಡೆ. ಮೂರೂವರೆ ಅಡಿ ಅಗಲ, ಆರೂವರೆ ಅಡಿ ಉದ್ದದ ಒಂಬತ್ತು ತಗಡು ಬೇಕಾಯಿತು. ಅರ್ಧ ಮಿಲಿಮೀಟರ್ ದಪ್ಪವೆಂದು ಹೇಳಿ ಹಣ ಕೊಟ್ಟು ಬಂದೆವು. ಗಾಡಿಯಿಂದಿಳಿಸುವಾಗ ಅಣ್ಣನಿಗೆ ಅನುಮಾನ ಬಂತು. ಅಡಿಕೆ ತೂಗುವ ತಕ್ಕಡಿಗೆ ಒಂದನ್ನು ಏರಿಸಿದ. ನಾಲ್ಕಡಿ ಅಗಲದ ಹಾಳೆಯನ್ನು ಮಡಿಸಿ ಮಾಡಿದ ಅಷ್ಟುದ್ದದ ಅರ್ಧ ಮಿಲಿಮೀಟರ್ ತಗಡು ಒಂಬತ್ತು ಕಿಲೋವಿಗೆ ಮೇಲೆಯೇ ತೂಗಬೇಕು. ಇದು ಏಳೂ ತೂಗಲಿಲ್ಲ. ಅಂಗಡಿಯವರು ಮೊದಲು ವಾದಿಸಿ, ತಕ್ಕಡಿಯ ಮಾತು ಬಂದ ಮೇಲೆ ಬದಲಿಸಿಕೊಟ್ಟರು. ಊರಿನಲ್ಲಿ ತಗಡು ಕೊಳ್ಳುವ ವಾಚಕರಿದ್ದರೆ ಈ ಲೆಕ್ಕವನ್ನು ಬರೆದಿಟ್ಟುಕೊಳ್ಳಲಿ.

ಹೊದಿಸುವ ಕೆಲಸ ಒಂದೇ ದಿನದ್ದು, ಅದಕ್ಕೆ ಮುಂಚಿನ ಸಿದ್ಧತೆ ಮೂರು ದಿನದ್ದು. ಕಾಡಿನಿಂದ ಬಂದ ಹಳೆಯ ಕಂಬಗಳು ಒಂದೊಂದು ಒಂದೊಂದು ಕಡೆ ಡೊಂಕು. ಅವುಗಳ ಹೊರಮೈಗೆ ಅಡ್ಡಲಾಗಿ ಮೂರು ಸಾಲು ರೀಪು ಹೊಡೆದು, ತಗ್ಗಿದ್ದಲ್ಲಿ ಚಕ್ಕೆ ಕೊಟ್ಟು, ನೂಲು ಹಿಡಿದು ಸಮ ಮಾಡಬೇಕು. ರೀಪು ಸಮವಿಲ್ಲದಿದ್ದರೆ ತಗಡು ಹೊಟ್ಟೆ ಬಿಡುತ್ತದೆ. ಮೊದಲ ತಗಡನ್ನು ತೂಗುಗುಂಡು ಬಿಟ್ಟೇ ನಿಲ್ಲಿಸಬೇಕು. ಅದು ಒಂದು ಬೆರಳು ವಾಲಿದರೆ ಒಂಬತ್ತನೆಯದು ಒಂದು ಗೇಣು ವಾಲಿರುತ್ತದೆ. ಯಾವ ತುದಿಯಿಂದ ಶುರುಮಾಡುವುದೆಂಬುದೂ ಮುಖ್ಯ. ಗಾಳಿ ತೆಂಕಣದಿಂದ ಬೀಸುವುದರಿಂದ ನಾವು ಬಡಗಣ ತುದಿಯಿಂದ ತೊಡಗಿದೆವು. ಹಾಗೆ ಮಾಡಿದರೆ ಪ್ರತಿಯೊಂದು ಹೊಸ ತಗಡು ಹಿಂದಿನದರ ಅಂಚಿನ ಮೇಲೆ ಕೂತು, ಸಂದಿಯ ಬಾಯಿ ಗಾಳಿಗೆ ಬೆನ್ನು ಹಾಕುತ್ತದೆ. ತಿರುಪುಗಳನ್ನು ಗೋಡೆಯಲ್ಲಿ ಏಣಿನ ಮೇಲಲ್ಲ, ಏಣಿನ ಪಕ್ಕದ ಚಪ್ಪಟೆ ಭಾಗದಲ್ಲಿ ಹಾಕಬೇಕು. ರಬ್ಬರಿನ ಬಿಲ್ಲೆ ಮೆಲ್ಲಗೆ ಅಮರಿದರೆ ಸಾಕು. ಅಂಚಿನಿಂದ ಹೊರಗೆ ಚಿಮ್ಮಿತೆಂದರೆ ಬಿಗಿ ಮೀರಿತೆಂದೇ ಅರ್ಥ. ಕೊರೆದಾಗ ಉದುರುವ ಕಬ್ಬಿಣದ ಪುಡಿಯನ್ನು ಅಂದೇ ಗುಡಿಸದಿದ್ದರೆ ಮೊದಲ ಮಳೆಗೆ ಅದು ತುಕ್ಕಿನ ಚುಕ್ಕೆಯಾಗಿ ಬಣ್ಣದ ಮೇಲೆ ಕೂರುತ್ತದೆ.

ತಗಡಿನ ಕೆಳಅಂಚು ಪಾಗಾರದ ಹೊರಮೈಯಿಂದ ನಾಲ್ಕು ಬೆರಳು ಕೆಳಗಿಳಿದಿದೆ, ನೀರು ಕಲ್ಲಿನ ಮೇಲೆ ನಿಲ್ಲದೆ ಹೊರಗೆ ತೊಟ್ಟಿಕ್ಕಲೆಂದು. ಮೇಲೆ ಮಾಡಿನ ಇಳಿಜಾರಿನ ಮರೆಯಲ್ಲಿ ಒಂದು ಗೇಣು ತೆರೆದುಬಿಟ್ಟಿದ್ದೇವೆ. ಘಾಟು ಹೋಗುವ ದಾರಿ ಅದು. ಒಳಗೆ ದನದ ಎದೆಯೆತ್ತರಕ್ಕೆ ದಬ್ಬೆಯ ಅಡ್ಡ ಕಟ್ಟಿಸಿದ್ದು ಅತ್ತಿಗೆಯವರ ಸೂಚನೆ. ದನ ಮೈ ತುರಿಸಿಕೊಳ್ಳುವುದನ್ನು ಬಿಡುವುದಿಲ್ಲ, ತಗಡು ತಗ್ಗಾಗುವುದನ್ನೂ ಬಿಡುವುದಿಲ್ಲ. ಈ ದಬ್ಬೆಗೆ ಮುದಿ ಮರವೇ ಆಗಬೇಕು. ಸೀಳಿ, ಒಳಗಿನ ಮೆತ್ತನೆಯ ತಿರುಳನ್ನು ಕೆತ್ತಿ ತೆಗೆದು, ಗಟ್ಟಿ ಸಿಪ್ಪೆಯನ್ನು ಮಾತ್ರ ಉಳಿಸಿಕೊಳ್ಳಬೇಕು. ತಿರುಳು ಉಳಿದರೆ ಹುಳು ಬಿಡುವುದಿಲ್ಲ.

ರೋಹಿಣಿ ಮಳೆ ಮುಗಿಯುವ ಹೊತ್ತಿಗೆ ನಾನು ಮುಂಬಯಿಗೆ ಮರಳಿದ್ದೆ. ಮೃಗಶಿರೆಯ ಎರಡನೆಯ ದಿನ ಅತ್ತಿಗೆ ಫೋನು ಮಾಡಿದರು. ತಗಡಿನ ಸದ್ದಿಗೆ ಮೊದಲ ರಾತ್ರಿ ಮೂರೂ ನಿಂತೇ ಇದ್ದವಂತೆ. ಮರುದಿನ ಎರಡು ಮಲಗಿದವು. ಕರು ಹಾಕಲಿರುವ ಗಡ್ಡ ಮಾತ್ರ ಕಿವಿ ನಿಮಿರಿಸಿಕೊಂಡು ಸೋಗೆಯ ತಟ್ಟಿಯ ಕಡೆಗೆ ಹೋಗಿ ನಿಂತಿತ್ತಂತೆ. ದನಗಳನ್ನು ಕೊಡುವ ಮಾತನ್ನು ಅಣ್ಣ ಮತ್ತೆ ಎತ್ತಿಲ್ಲ. ತೆಂಕಣ ತಟ್ಟಿಯನ್ನು ದೊಡ್ಡ ಹಬ್ಬಕ್ಕೆ ಮುಂಚೆ ಬಿಚ್ಚಬೇಕು, ಗೋಪೂಜೆಯ ಹೊತ್ತಿಗೆ ಕೊಟ್ಟಿಗೆಗೆ ಬೆಳಕು ಬರಬೇಕು. ಬಿಚ್ಚಲು ನನ್ನ ಮಗನನ್ನು ಕಳಿಸೆಂದು ಅಣ್ಣ ಹೇಳಿದ್ದಾನೆ. ಅವನ ಟಿಕೇಟು ತೆಗೆದಿಟ್ಟಿದ್ದೇನೆ.