ರಿಪೋರ್ಟ್ ನಾರ್ಮಲ್ ಇದೆ

ನಮ್ಮ ಹಾಸ್ಟೆಲ್ ರೂಮಿನ ಮೂವರಲ್ಲಿ ಒಬ್ಬಳಿಗೆ ಪಿರಿಯಡ್ಸ್ ಬಂದರೆ ಎರಡು ದಿನ ನೆಟ್ಟಗೆ ನಿಲ್ಲೋಕೂ ಆಗಲ್ಲ. ಕಳೆದ ಸೆಮಿಸ್ಟರ್‌ನಲ್ಲಿ ಒಂದು ಇಂಟರ್ನಲ್ಸ್ ತಪ್ಪಿಸಿಕೊಂಡಳು. ಊರಿಗೆ ಹೋಗಿ, ಹೊಟ್ಟೆ ತುಂಬಾ ನೀರು ಕುಡಿದು ಕಾದು, ಸ್ಕ್ಯಾನ್ ಮಾಡಿಸಿಕೊಂಡು ಬಂದಳು. ರಿಪೋರ್ಟ್ ನಾರ್ಮಲ್. ‘ಮದುವೆ ಆದ್ಮೇಲೆ ಎಲ್ಲಾ ಸರಿಹೋಗುತ್ತೆ’ ಅಂದರಂತೆ ಅವಳ ದೊಡ್ಡಮ್ಮ. ನಾವಿಬ್ಬರೂ ಏನು ಕಮ್ಮಿ? ‘ನಾರ್ಮಲ್ ಇದೆಯಲ್ವಾ, ಸುಮ್ನೆ ಟೆನ್ಷನ್ ಮಾಡ್ಕೋಬೇಡ ಕಣೇ’ ಅಂದುಬಿಟ್ಟೆವು. ಆಮೇಲೆ ಅವಳು ನೋವಿನ ಮಾತನ್ನೇ ನಮ್ಮ ಹತ್ತಿರ ಎತ್ತಲಿಲ್ಲ.

ಈ ಸಲ ಮಿನಿ ಪ್ರಾಜೆಕ್ಟ್‌ಗೆ ಅಲ್ಟ್ರಾಸೌಂಡ್ ಚಿತ್ರಗಳನ್ನು ಆರಿಸಿಕೊಂಡಾಗ ಎಂಡೊಮೆಟ್ರಿಯೋಸಿಸ್ ಅನ್ನೋ ಪದ ಸಿಕ್ಕಿತು. ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಅದರ ಹೊರಗೆ, ಅಂಡಾಶಯದ ಮೇಲೋ ಕರುಳಿನ ಮೇಲೋ ಬೆಳೆಯುವುದು. ಸಂತಾನೋತ್ಪತ್ತಿ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಶೇ. 10ರಷ್ಟು ಜನರಿಗೆ ಇದೆ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಫ್ಲೋರ್‌ನಲ್ಲೇ 60 ಜನ ಇದ್ದೀವಿ!

ಶಬ್ದ ಮೈಯೊಳಗೆ ಸೆಕೆಂಡಿಗೆ ಸುಮಾರು 1540 ಮೀಟರ್ ಓಡುತ್ತೆ. ಹೊಟ್ಟೆ ಮೇಲೆ ಇಡೋ ಪ್ರೋಬ್ 3.5 ಮೆಗಾಹರ್ಟ್ಸ್ ಆದರೆ ತರಂಗಾಂತರ 0.44 ಮಿಲಿಮೀಟರ್. 7 ಮೆಗಾಹರ್ಟ್ಸ್‌ಗೆ ಅದು ಅರ್ಧವಾಗುತ್ತೆ, ಚಿತ್ರ ಸ್ಪಷ್ಟವಾಗುತ್ತೆ, ಆದರೆ ಅಷ್ಟು ಆಳಕ್ಕೆ ತಲುಪಲ್ಲ. ಅದಕ್ಕೇ ಪ್ರೋಬನ್ನೇ ಹತ್ತಿರ ಒಯ್ಯಬೇಕು, ಯೋನಿಯ ಮೂಲಕ. (ಈ ಪದ ಟೈಪ್ ಮಾಡೋಕೆ ನಮಗೆ ಹತ್ತು ನಿಮಿಷ ಹಿಡಿಯಿತು.) ಮದುವೆಯಾಗದವರಿಗೆ ನಮ್ಮ ಕಡೆ ಸಾಮಾನ್ಯವಾಗಿ ಅದನ್ನು ಮಾಡಲ್ಲ. ಎಂಆರ್‌ಐ ಇದೆ, ದುಡ್ಡು ಬೇಕು.

ಅಂಡಾಶಯದಲ್ಲಿ ಹಳೇ ರಕ್ತ ತುಂಬಿದ ‘ಚಾಕೊಲೇಟ್ ಸಿಸ್ಟ್’ ಇದ್ದರೆ ಸ್ಕ್ರೀನ್ ಮೇಲೆ ಉಜ್ಜಿದ ಗಾಜಿನ ಥರ ಕಾಣುತ್ತೆ. ಪಳಗಿದ ಡಾಕ್ಟರು ಪ್ರೋಬನ್ನು ಮೆಲ್ಲಗೆ ಒತ್ತಿ, ಗರ್ಭಕೋಶ ಕರುಳಿನ ಪಕ್ಕ ಜಾರುತ್ತಾ, ಅಂಟಿಕೊಂಡಿದೆಯಾ ಅಂತಾನೂ ನೋಡ್ತಾರೆ. ನಮ್ಮ ಹತ್ತಿರ ಇದ್ದದ್ದು ಬರೀ ನಿಂತ ಚಿತ್ರಗಳು. ಜಾರೋದನ್ನು ಮಾಡೆಲ್‌ಗೆ ಹೇಗೆ ಕಲಿಸೋದು? ಇನ್ನು ಹೊಟ್ಟೆಯ ಒಳಪೊರೆ ಮೇಲಿನ ತೆಳು ಕಲೆಗಳು ಎಂಆರ್‌ಐಗೂ ಎಷ್ಟೋ ಸಲ ಸಿಗಲ್ಲ. ಹೊಟ್ಟೆಗೆ ತೂತು ಮಾಡಿ ಕ್ಯಾಮೆರಾ ಬಿಟ್ಟು ನೋಡಿದರೇನೇ ಖಾತ್ರಿ ಅನ್ನೋ ಹಳೇ ಪಟ್ಟನ್ನು 2022ರ ಯುರೋಪಿನ ಮಾರ್ಗಸೂಚಿ ಸಡಿಲಿಸಿತು. ಸ್ಕ್ಯಾನ್‌ನಲ್ಲಿ ಕಾಣದಿದ್ದರೆ ಕಾಯಿಲೆ ಇಲ್ಲ ಅಂತಲ್ಲ ಅನ್ನೋದನ್ನೂ ಅದೇ ಹೇಳಿತು.

ಅವಳಿಗೆ ಇದೇ ಇದೆ ಅಂತ ನಾವು ಹೇಳ್ತಿಲ್ಲ, ನಾವು ಡಾಕ್ಟರಲ್ಲ. ಓದಿದ್ದನ್ನೆಲ್ಲ ಅವಳಿಗೆ ಹೇಳಿ, ಸಾರಿ ಕೇಳಿದೆವು. ಅವಳು ಏನೂ ಅನ್ನಲಿಲ್ಲ. ಲ್ಯಾಬ್ ರೆಕಾರ್ಡಿನ ಕೊನೇ ಪುಟ ತೆಗೆದು ತೋರಿಸಿದಳು. ಯಾವ ದಿನ, ಎಷ್ಟು ಹೊತ್ತು, ಎಷ್ಟು ಮಾತ್ರೆ: ಐದು ತಿಂಗಳ ಲೆಕ್ಕ. ಶನಿವಾರ ಆ ಪುಟ ಹಿಡ್ಕೊಂಡು ಮೂವರೂ ಬೇರೆ ಡಾಕ್ಟರ ಹತ್ತಿರ ಹೋಗ್ತಿದ್ದೀವಿ.