ಹಿಂದಕ್ಕೆ ಓಡುವ ಶರ್ಯತ್ತು

ನಮ್ಮ ಮಾಳಮಡ್ಡಿಯವರಿಗೆ ಗೊತ್ತಿರುವ ಓಟ ಒಂದೇ. ಸ್ಟೇಶನ್ನು ಹತ್ತಿರವೆಂಬ ಧೈರ್ಯದಿಂದ ಇನ್ನೊಂದು ಕಪ್ಪು ಚಹಾ ಕುಡಿದು, ಕೊನೆಗೆ ಚೀಲ ಹಿಡಿದು ರೈಲಿಗೆ ಓಡುವುದು. ಆದರೆ ಊರ ಹೊರಗೆ ಕಾಲಿಟ್ಟರೆ ಮಾತೇ ಬೇರೆ. ಇಲ್ಲಿಂದ ಬೆಳಗಾವಿ, ಬಾಗಲಕೋಟೆ, ವಿಜಯಪುರದ ವರೆಗೂ ಜಾತ್ರೆಯೆಂದರೆ ತೇರಿನ ಜೊತೆಗೆ ಶರ್ಯತ್ತೂ ಇರಬೇಕು. ಜೋಡೆತ್ತಿನ ಗಾಡಿ, ಒಂದು ಕುದುರೆ ಒಂದು ಎತ್ತು ಹೂಡಿದ ಗಾಡಿ, ಜೋಡು ಕುದುರೆ ಗಾಡಿ, ಸೈಕಲ್ಲು ಎಂದು ಕರಪತ್ರದಲ್ಲಿ ಒಂದರ ಕೆಳಗೊಂದು ಅಚ್ಚಾಗಿರುತ್ತದೆ. ಈಚೆಗೆ ಆ ಪಟ್ಟಿಗೆ ಹೊಸದೊಂದು ಸೇರಿದೆ: ಟ್ರೇಲರು ಕಟ್ಟಿದ ಟ್ರ್ಯಾಕ್ಟರನ್ನು ಹಿಂದಕ್ಕೆ ಓಡಿಸುವ ಶರ್ಯತ್ತು.

ಕೇಳಿದ ಪೇಟೆಯವರು ನಗುತ್ತಾರೆ. ಮುಂದೆ ಹೋದವನಿಗೆ ಬಹುಮಾನ ಕೊಡುವುದು ಲೋಕರೂಢಿ. ಹಿಂದೆ ಹೋದವನಿಗೂ ಉಂಟೇ? ನಗುವವರು ಒಮ್ಮೆ ಆ ಆಸನದ ಮೇಲೆ ಕುಳಿತು ನೋಡಬೇಕು. ಟ್ರೇಲರು ಬಲಕ್ಕೆ ಹೊರಳಬೇಕಾದರೆ ಚಕ್ರವನ್ನು ಎಡಕ್ಕೆ ತಿರುಗಿಸಬೇಕು. ತುಸು ಹೆಚ್ಚಾಯಿತೋ, ಎರಡೂ ಮಡಚಿಕೊಂಡು ನಿಲ್ಲುತ್ತವೆ. ಕತ್ತು ಹಿಂದೆ, ಕೈ ಮುಂದೆ, ಲಕ್ಷ್ಯ ಎರಡೂ ಕಡೆಗೆ!

ಇದರ ಸೆಳೆತ ಏನೆಂಬುದನ್ನು ನನಗೆ ತಿಳಿಸಿದವನು ಹಳ್ಳಿಯ ಪರಿಚಯದ ಒಬ್ಬ ಹುಡುಗ. ಸುಗ್ಗಿಯ ದಿನಗಳಲ್ಲಿ ಸೀತನಿ ತೆಗೆದುಕೊಂಡು ಮನೆಗೆ ಬಂದಿದ್ದ. "ನಿಮ್ಮ ಅಜ್ಜನ ಹಾಂಗ ಎತ್ತು ಓಡಸೂದು ಬಿಟ್ಟು ಇದೇನೋ?" ಎಂದು ಕೇಳಿದೆ.

"ಅಜ್ಜನ ಕಾಲಕ್ಕ ಗಳೇ ಹೊಡಿಯೋ ಎತ್ತ ಜಾತ್ರ್ಯಾಗ ಓಡತಿದ್ವುರಿ ಕಾಕಾ. ಈಗ ಓಡೋ ಎತ್ತು ಗಳೇ ಹೊಡಿಯಂಗಿಲ್ಲ. ಅವುಕ್ಕ ಹಾಲು, ತತ್ತಿ, ಹುರಳಿ ಹಾಕಿ ಸಾಕಬೇಕು. ಜೋಡಿ ಅಂದ್ರ ಲಕ್ಷದ ಮಾತು. ಟ್ರ್ಯಾಕ್ಟರ್ ಹೆಂಗೂ ಮನ್ಯಾಗ ಐತಿ, ದಿನಾ ಹೊಲದಾಗ ಹಿಂದಕ್ಕ ಹೊಡಿಯೂದು ನಮ್ಮ ಕೆಲಸನ."

ಅವನ ಮಾತಿನಲ್ಲಿ ಲೆಕ್ಕವೂ ಇತ್ತು, ನ್ಯಾಯವೂ ಇತ್ತು. ಒಂದು ಕಾಲಕ್ಕೆ ಶರ್ಯತ್ತು ದುಡಿಮೆಯ ಹಬ್ಬವಾಗಿತ್ತು. ಎತ್ತು ಶ್ರೀಮಂತರ ಶೋಕಿಯಾದ ಮೇಲೆ ದುಡಿಯುವವನು ಬೇಲಿಯ ಆಚೆ ನಿಂತು ಸೀಟಿ ಊದುವವನಾದ. ಹೊಸ ವಿಭಾಗ ಅವನನ್ನು ಮತ್ತೆ ಬೇಲಿಯ ಒಳಗೆ ಕರೆಯಿತು.

ಕರಾವಳಿಯ ಕಂಬಳದಲ್ಲಿಯೂ ನೇಗಿಲು, ಹಗ್ಗಗಳಲ್ಲಿ ಹಿರಿಯ, ಕಿರಿಯ ಎಂದು ಪಂಕ್ತಿಗಳಿವೆ. ಪಳಗಿದ ಕೋಣಗಳ ಎದುರು ಹೊಸ ಜೋಡಿ ಓಡಿ ಸೋಲಬೇಕಾಗಿಲ್ಲ. ಇದರಿಂದ ಹೊಸ ಯಜಮಾನರು ಬಂದರು; ಜೋಡಿಗಳು ಹೆಚ್ಚಿದವು; ಬೆಳಗ್ಗೆ ಮೊದಲಾದ ಕಂಬಳ ಮರುದಿನ ಹೊತ್ತೇರಿದರೂ ಮುಗಿಯದ ಹಾಗಾಯಿತು. ಬಾಗಿಲು ತೆರೆದದ್ದಕ್ಕೆ ನಿದ್ದೆಗೆಟ್ಟು ತೆರುವ ಬೆಲೆ ಅದು.

ಎತ್ತು ಕೋಣಗಳಿಗೆ ನ್ಯಾಯಾಲಯದ ಚಿಂತೆಯೂ ಇತ್ತು. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಎತ್ತಿನ ಗಾಡಿಯ ಓಟಗಳನ್ನು ತಡೆಯಿತು. 2017ರಲ್ಲಿ ಕರ್ನಾಟಕ ಕಾಯಿದೆಯನ್ನು ತಿದ್ದಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಟ್ರ್ಯಾಕ್ಟರಿಗೆ ಈ ತೊಡಕಿಲ್ಲ. ಅದಕ್ಕೆ ಬಾರುಕೋಲಿನ ಪೆಟ್ಟಿಲ್ಲ, ಬಾಯಲ್ಲಿ ನೊರೆಯಿಲ್ಲ.

ಹಾಗೆಂದು ಇದು ಅಗ್ಗದ ಆಟವೆಂದು ಯಾರೂ ತಿಳಿಯಬಾರದು. ಟ್ರ್ಯಾಕ್ಟರೂ ಲಕ್ಷಗಳದೇ, ಎಷ್ಟೋ ಮನೆಗಳಲ್ಲಿ ಅದು ಬ್ಯಾಂಕಿನ ಕಂತಿನ ಮೇಲೆ ನಿಂತಿರುತ್ತದೆ. ಜಾತ್ರೆಯ ದಿನ ಬಾಡಿಗೆಯ ದುಡಿಮೆ ತಪ್ಪುತ್ತದೆ, ಡೀಸೆಲು ಸುಡುತ್ತದೆ, ಟಾಯರು ಸವೆಯುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಹಿಂದಕ್ಕೆ ನುಗ್ಗುವ ಟ್ರೇಲರಿನ ಮರೆಯಲ್ಲಿ ಒಂದು ಕೂಸು ನಿಂತಿದ್ದರೆ ಚಾಲಕನ ಕಣ್ಣಿಗೆ ಬೀಳುವುದಿಲ್ಲ. ಬೇಲಿಯ ಖರ್ಚು ಉಳಿಸಿ ಬಹುಮಾನ ಹೆಚ್ಚಿಸುವ ಕಮಿಟಿಗೆ ನಾನಂತೂ ವರ್ಗಣಿ ಕೊಡಲಾರೆ.

ಇನ್ನೊಂದು ಭಯವೂ ಉಂಟು. ಇಂದು ದುಡಿಯುವ ಟ್ರ್ಯಾಕ್ಟರು ಓಡುತ್ತದೆ. ನಾಳೆ ಹಣವಂತನೊಬ್ಬ ಶರ್ಯತ್ತಿಗೆಂದೇ ಒಂದನ್ನು ಕೊಂಡು, ಎಂಜಿನ್ನು ತಿದ್ದಿಸಿ, ಹೊಲಕ್ಕೆ ಇಳಿಸದೆ ಇಟ್ಟನೆಂದರೆ, ಎತ್ತಿಗೆ ಆದದ್ದೇ ಇದಕ್ಕೂ ಆಗುತ್ತದೆ. ಆಗ ನಮ್ಮ ಹುಡುಗ ಮತ್ತೆ ಬೇಲಿಯ ಆಚೆ.

ಅವನ ತಂದೆ ಮಗನನ್ನು ತಡೆದಿಲ್ಲ. ಒಂದೇ ಮಾತು ಹೇಳಿದ್ದಾನೆ. ಗೆದ್ದರೂ ಸೋತರೂ ಮರುದಿನ ಬೆಳಗ್ಗೆ ಟ್ರ್ಯಾಕ್ಟರು ಹೊಲದಲ್ಲಿರಬೇಕು. ಶರ್ಯತ್ತಿಗೊಂದು ಷರತ್ತು ಬೇಕಾದರೆ ಇದಕ್ಕಿಂತ ಒಳ್ಳೆಯದು ನನಗೆ ತೋರುವುದಿಲ್ಲ. ಕಮಿಟಿಯವರು ಅದನ್ನು ಕರಪತ್ರದಲ್ಲಿ, ಬಹುಮಾನದ ಮೊತ್ತಕ್ಕಿಂತ ಮೇಲೆ, ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿಸಲಿ.