ಮುತ್ತಜ್ಜಿಯ ಭತ್ತ, ದೊಡ್ಡಮ್ಮನ ಬಿಲ್ಲು

ಮುದುಕರನ್ನು ನೋಡಿಕೊಳ್ಳಲು ದುಡ್ಡು ತೆರುವುದು ಈ ಕಾಲದ ಕೆಟ್ಟ ಚಾಳಿ, ನಮ್ಮ ಸಂಸ್ಕೃತಿಯಲ್ಲಿ ಇಂಥದ್ದೆಲ್ಲ ಇರಲಿಲ್ಲ ಎಂದು ನಮ್ಮ ಮನೆತನದ ವಾಟ್ಸ್ಯಾಪ್ ಗುಂಪಿನಲ್ಲಿ ಮೊದಲು ಬರೆದವನು ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನ ಮಗ. ಅದಕ್ಕೆ ಕೈಮುಗಿಯುವ ಚಿತ್ರ ಅಂಟಿಸಿದವರು ಬಹಳ ಮಂದಿ. ದೊಡ್ಡಮ್ಮನನ್ನು ನಮ್ಮ ಮನೆಗೆ ಕರಕೊಂಡು ಹೋಗುತ್ತೇನೆ ಎಂದವರು ಒಬ್ಬರೂ ಇಲ್ಲ. ನಾನೂ ಅನ್ನಲಿಲ್ಲ. ಬೆಂಗಳೂರಿನ ನನ್ನ ಫ್ಲಾಟಿನ ಬಚ್ಚಲಿಗೆ ಗಾಲಿಕುರ್ಚಿ ಹೋಗುವುದಿಲ್ಲ. ರಿಟೈರಾದ ಮೇಲೆ ನನ್ನ ಮೊಣಕಾಲುಗಳೇ ಅಲ್ಲಿಗೆ ಹೋಗಲು ತಕರಾರು ತೆಗೆಯುತ್ತವೆ.

ದೊಡ್ಡಮ್ಮ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ಸಾಗರದ ಹತ್ತಿರದ ಹಳ್ಳಿ, ಒಂದೂವರೆ ಎಕರೆ ಅಡಿಕೆ ತೋಟ. ಮಕ್ಕಳಿಲ್ಲ. ದೊಡ್ಡಪ್ಪ ತೀರಿಹೋಗಿ ಎಷ್ಟೋ ಕಾಲವಾಯಿತು. ಎಂಬತ್ತಾರನೇ ವಯಸ್ಸಿನ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಚೆನ್ನಾಗಿಯೇ ಆಯಿತು. ವಾಕರ್ ಹಿಡಿದರೆ ನಾಲ್ಕು ಹೆಜ್ಜೆ ಇಡುತ್ತಾಳೆ, ಆದರೆ ಏಳಲು, ಕೂರಲು, ಮೀಯಲು ಇನ್ನೊಬ್ಬರ ಕೈ ಬೇಕು. ನಾಲಿಗೆಗೂ ಲೆಕ್ಕಕ್ಕೂ ಯಾರ ಕೈಯೂ ಬೇಡ.

ಅವಳ ಪಹಣಿ ಹುಡುಕಲು ಕಬ್ಬಿಣದ ಟ್ರಂಕು ತೆಗೆದಾಗ ಸಿಕ್ಕಿದ್ದು 1929ರ ಪಾಲುಪಟ್ಟಿ. ಗಂಡಭೇರುಂಡದ ಮುದ್ರೆಯ ಛಾಪಾ ಕಾಗದ, ಮಡಿಕೆಯಲ್ಲಿ ಹರಿದಿತ್ತು. ನನ್ನ ಅಜ್ಜನೂ ಅವನ ಇಬ್ಬರು ತಮ್ಮಂದಿರೂ ಹಿಸೆಯಾದಾಗ ಬರೆಸಿದ್ದು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲದ ಕಾಗದ ಓದಿದವಳಾದ ನನ್ನ ಕಣ್ಣು ಹೋಗುವುದೇ ಕೊನೆಯ ಕಲಮುಗಳ ಮೇಲೆ. ಅಲ್ಲಿ ವಿಧವೆ ತಾಯಿಯ ಜೀವನಾಂಶವಿತ್ತು: ಬದುಕಿರುವ ತನಕ ವರ್ಷಕ್ಕೆ ಆರು ಖಂಡುಗ ಭತ್ತ, ಎರಡು ಸೀರೆ, ದೀಪದ ಎಣ್ಣೆ, ಬೆಲ್ಲ, ಒಲೆಗೆ ಕಟ್ಟಿಗೆ, ಪಡುವಣ ದಿಕ್ಕಿನ ಕೋಣೆ, ಕರೆಯುವ ಒಂದು ಹಸುವಿನ ಹಾಲು. ಕಾಶಿಗೆ ಹೋಗುವ ಮನಸ್ಸಾದರೆ ಖರ್ಚು ಮೂವರಿಗೂ ಸಮಭಾಗ. ಉತ್ತರಕ್ರಿಯೆಯದ್ದೂ ಹಾಗೆಯೇ. ಸಂಸ್ಕೃತಿಯಲ್ಲಿ ಇರಲಿಲ್ಲ ಎಂದವನ ಮುತ್ತಜ್ಜಿಗೇ ಅವಳ ಮಕ್ಕಳು ಛಾಪಾ ಕಾಗದದಲ್ಲಿ ರೇಟು ಗೊತ್ತು ಮಾಡಿದ್ದರು. ನಾನು ಫೋಟೊ ತೆಗೆದು ಗುಂಪಿಗೆ ಹಾಕಿದೆ. ಕೈಮುಗಿಯುವ ಚಿತ್ರಗಳು ಬರಲಿಲ್ಲ.

ಮುತ್ತಜ್ಜಿಗೆ ಭತ್ತ ಬಂತು, ಗದ್ದೆ ಬರಲಿಲ್ಲ ಎನ್ನುವುದನ್ನು ಗಮನಿಸಬೇಕು. ಮೈಸೂರು ಸಂಸ್ಥಾನ ಹಿಂದೂ ಹೆಂಗಸರ ಹಕ್ಕುಗಳ ಕಾಯ್ದೆ ತಂದು, ಹಿಸೆಯಲ್ಲಿ ತಾಯಿಗೂ ವಿಧವೆ ಸೊಸೆಗೂ ಪಾಲೆಂದದ್ದು 1933ರಲ್ಲಿ, ಅಂದರೆ ನಮ್ಮ ಮನೆ ಹಿಸೆಯಾಗಿ ನಾಲ್ಕು ವರ್ಷಕ್ಕೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಇನ್ನೂ ಮುಂದೆ ಹೋಯಿತು: ಹೆಂಗಸಿನ ಸ್ವಾಧೀನದಲ್ಲಿರುವ ಆಸ್ತಿ, ಜೀವನಾಂಶದ ಬದಲಿಗೆ ಬಂದದ್ದೂ ಸೇರಿ, ಪೂರಾ ಅವಳದೇ. ಪತ್ರದಲ್ಲಿ ‘ಬದುಕಿರುವವರೆಗೆ ಮಾತ್ರ’ ಎಂದು ಬರೆದಿದ್ದರೂ ಜೀವನಾಂಶದ ಹಕ್ಕಿಗಾಗಿ ಕೊಟ್ಟ ಆಸ್ತಿ ಅವಳದೇ ಎಂದು ಸುಪ್ರೀಂ ಕೋರ್ಟು 1977ರಲ್ಲಿ ತುಳಸಮ್ಮ ಎಂಬ ವಿಧವೆಯ ಮೊಕದ್ದಮೆಯಲ್ಲಿ ಖಾತ್ರಿಪಡಿಸಿತು. ಈ ಕಾನೂನುಗಳ ದೆಸೆಯಿಂದ ದೊಡ್ಡಮ್ಮನ ಕೈಯಲ್ಲಿ ಆರು ಖಂಡುಗ ಭತ್ತದ ಬದಲು ಒಂದೂವರೆ ಎಕರೆ ತೋಟವಿದೆ. ವೃದ್ಧಾಶ್ರಮದ ಮಾತನ್ನು ನಾವು ಆಡಲು ಸಾಧ್ಯವಾದದ್ದೇ ಅದರಿಂದ.

ಪಾಲುಪಟ್ಟಿಯನ್ನು ಅವಳಿಗೆ ಓದಿ ಹೇಳಿದೆ. ಆ ಮುತ್ತಜ್ಜಿಯನ್ನು ಅವಳು ಬಲ್ಲಳು. ಹದಿನೆಂಟಕ್ಕೆ ಮದುವೆಯಾಗಿ ಬಂದಾಗ ಪಡುವಣ ಕೋಣೆಯಲ್ಲಿ ಮುತ್ತಜ್ಜಿ ಹಾಸಿಗೆ ಹಿಡಿದಿದ್ದಳು. ಕೇಳಿ ಮುಗಿಸಿ ದೊಡ್ಡಮ್ಮ ಹೇಳಿದಳು: “ಭತ್ತ ಬರ್ದಿದಾರೆ, ಸೀರೆ ಬರ್ದಿದಾರೆ, ಕಟ್ಟಿಗೆನೂ ಬರ್ದಿದಾರೆ. ಎತ್ತಿ ಕೂರಿಸೋದು ಯಾರು ಅಂತ ಎಲ್ಲಿ ಬರ್ದಿದಾರೆ ನೋಡು.”

ಬರೆದಿರಲಿಲ್ಲ. ಬರೆಯುವ ಅಗತ್ಯ ಗಂಡಸರಿಗೆ ಕಂಡಿರಲಿಲ್ಲ. ಭತ್ತ ಗದ್ದೆಯಿಂದ ಬರುವ ಹಾಗೆ ಆ ಕೆಲಸ ಸೊಸೆಯಂದಿರಿಂದ ತಾನಾಗಿ ಬರುತ್ತಿತ್ತು. ರಾತ್ರಿ ಎದ್ದು ಮಗ್ಗುಲು ಹೊರಳಿಸುವುದು, ಬೆನ್ನಿನ ಹುಣ್ಣಿಗೆ ಔಷಧಿ ಹಚ್ಚುವುದು, ಹೊಲಸಾದ ಬಟ್ಟೆಯನ್ನು ಹೊಳೆಗೆ ಒಯ್ಯುವುದು ಇವೆಲ್ಲ ದೊಡ್ಡಮ್ಮನ ಪಾಲಿನವು. ಮುಂದೆ ಅತ್ತೆಗೂ ಅವಳೇ ಮಾಡಿದಳು. ವಿಡಿಯೊ ಕಾಲಿನಲ್ಲಿ ನ್ಯೂಜೆರ್ಸಿಯವನು ಮತ್ತೆ ಅದೇ ಮಾತು ತೆಗೆದಾಗ ಅವಳು ಫೋನನ್ನು ಮುಖದ ಹತ್ತಿರ ತಂದು, “ಸಂಸ್ಕೃತಿ ಅಂದ್ಯಲ್ಲ ತಮ್ಮಾ, ಅದು ನಾನೇ. ಈಗ ಸೊಂಟ ಮುರ್ಕೊಂಡು ಕೂತಿದ್ದೇನೆ” ಎಂದಳು. ಮಂಚವನ್ನು ಯಾವ ಕಿಟಕಿಯ ಪಕ್ಕ ಹಾಕಿಸಬೇಕು ಎನ್ನುವ ಮಟ್ಟಕ್ಕೆ ಚರ್ಚೆ ಅಂದೇ ಇಳಿಯಿತು.

ಹುಡುಕುವ ಕೆಲಸ ನನ್ನದಾಯಿತು. ಮೊದಮೊದಲು ಕರಪತ್ರದಲ್ಲಿ ಹೊಳೆಯುವುದನ್ನೇ ನೋಡುತ್ತಿದ್ದೆ: ಹುಲ್ಲುಹಾಸು, ಭಜನೆಯ ಹಾಲ್, ಲಿಫ್ಟು. ನಿಧಾನಕ್ಕೆ ಕಣ್ಣು ಬೇರೆ ಕಡೆ ತಿರುಗಿತು. ಅಲ್ಲಿರುವವರ ಉಗುರು ಕತ್ತರಿಸಿದೆಯೇ. ಕರೆಗಂಟೆಯ ದಾರ, ನೆಲಕ್ಕೆ ಬಿದ್ದವರ ಕೈಗೂ ಎಟುಕುವಷ್ಟು ಇಳಿಬಿದ್ದಿದೆಯೇ, ಅಥವಾ ಗುಡಿಸುವವರು ಅದನ್ನು ಗಂಟು ಹಾಕಿ ಮೇಲೆ ಸಿಕ್ಕಿಸಿದ್ದಾರೆಯೇ. ರಾತ್ರಿ ಎಷ್ಟು ಜನಕ್ಕೆ ಒಬ್ಬ ಆಯಾ. ಆಸ್ಪತ್ರೆಗೆ ಸೇರಿಸಿದರೆ ಜೊತೆಗಿರುವವರು ಯಾರು, ಆ ದಿನಗಳ ಬಾಡಿಗೆ ಕಳೆಯುತ್ತಾರೆಯೇ. ಹಾಸಿಗೆ ಹಿಡಿದ ಮೇಲೂ ಇಟ್ಟುಕೊಳ್ಳುತ್ತಾರೆಯೇ, ‘ನಮ್ಮಲ್ಲಿ ಸೌಲಭ್ಯವಿಲ್ಲ’ ಎಂದು ವಾಪಸು ಕಳಿಸುತ್ತಾರೆಯೇ. ಠೇವಣಿ ಮರಳಿ ಬರುವುದು ಎಷ್ಟು ಮುರಿದುಕೊಂಡು, ಯಾವಾಗ. ದೊಡ್ಡಮ್ಮ ಕೇಳಿಕೊಂಡು ಬಾ ಎಂದದ್ದು ಒಂದೇ: “ತಂಬುಳಿ ಮಾಡ್ತಾರಾ?”

ದುಡ್ಡಿನ ವಿಷಯಕ್ಕೆ ಬಂದರೆ, ಎಲ್ಲ ಬಾಗಿಲುಗಳೂ ಆಸ್ಪತ್ರೆಯವರೆಗೆ ತೆರೆದು ಅಲ್ಲಿಗೇ ಮುಚ್ಚಿಕೊಳ್ಳುತ್ತವೆ. ಎಪ್ಪತ್ತು ದಾಟಿದವರಿಗೆಲ್ಲ 2024ರ ಅಕ್ಟೋಬರಿನಿಂದ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯ ಚಿಕಿತ್ಸೆಯುಂಟು, ಆದರೆ ಅದು ಮೂಳೆ ಕೂಡಿಸುವುದಕ್ಕೆ. ಕೂಡಿದ ಮೂಳೆಯನ್ನು ದಿನವೂ ಎತ್ತಿ ನಿಲ್ಲಿಸುವುದಕ್ಕಲ್ಲ. ಮಾಮೂಲಿ ವಿಮೆಯೂ ಹಾಗೆಯೇ. ಆರೈಕೆಗೆಂದೇ ಜರ್ಮನಿ 1995ರಲ್ಲಿ, ಜಪಾನ್ 2000ದಲ್ಲಿ ಕಡ್ಡಾಯ ವಿಮೆ ತಂದವು. ನಮ್ಮಲ್ಲಿ ತೋಟವೇ ವಿಮೆ. 2007ರ ಹಿರಿಯ ನಾಗರಿಕರ ಕಾಯ್ದೆ ಒಂದು ಗಟ್ಟಿ ಮಾತು ಹೇಳುತ್ತದೆ: ಮಕ್ಕಳಿಲ್ಲದವರನ್ನು, ಅವರ ಆಸ್ತಿಗೆ ಮುಂದೆ ವಾರಸುದಾರರಾಗುವ, ಅನುಕೂಲವುಳ್ಳ ಬಂಧುಗಳು ನೋಡಿಕೊಳ್ಳಬೇಕು, ಬರುವ ಪಾಲಿನ ಪ್ರಮಾಣದಲ್ಲೇ ಖರ್ಚು ಹೊರಬೇಕು. 1929ರ ಸಮಭಾಗವೇ ಹೊಸ ಅಂಗಿ ತೊಟ್ಟು ಬಂದಂತೆ. ಆ ಕಾಯ್ದೆಯಲ್ಲಿ ಜೀವನಾಂಶದ ಗರಿಷ್ಠ ಮಿತಿ ಮಾತ್ರ ತಿಂಗಳಿಗೆ 10,000 ರೂಪಾಯಿ. ತಮಾಷೆಯೆಂದರೆ, ಆ ಕಾಯ್ದೆಗೆ ನಾನು ದೊಡ್ಡಮ್ಮನ ಬಂಧು. ಆದಾಯ ತೆರಿಗೆಯಲ್ಲಿ ಆರೋಗ್ಯ ವಿಮೆಗೆ ಸಿಗುವ ರಿಯಾಯಿತಿಗೆ ಅವಳು ನನಗೆ ಯಾರೂ ಅಲ್ಲ, ಅಲ್ಲಿ ಹಿರಿಯರ ಪೈಕಿ ಅಪ್ಪ ಅಮ್ಮನಿಗೆ ಮಾತ್ರ ಜಾಗ. ಇನ್ನು ಜಿಎಸ್‌ಟಿ: ನೋಂದಾಯಿತ ಧರ್ಮಾರ್ಥ ವೃದ್ಧಾಶ್ರಮದಲ್ಲಿ ಊಟ ವಸತಿ ಸೇರಿ ತಿಂಗಳಿಗೆ 25,000 ರೂಪಾಯಿಯವರೆಗೆ ತೆರಿಗೆ ಇಲ್ಲ ಎಂದು 2018ರಲ್ಲಿ ವಿನಾಯಿತಿ ಬಂತು. ನಮಗೆ ಒಪ್ಪಿಗೆಯಾದ ಮನೆ ಧರ್ಮಾರ್ಥದ್ದೂ ಅಲ್ಲ, ಆ ಮೊತ್ತದ ಒಳಗಿನದ್ದೂ ಅಲ್ಲ.

ದುಡ್ಡು ಪಡೆಯದೆ ಮುದುಕರನ್ನು ಇಟ್ಟುಕೊಳ್ಳುವವರೂ ಇದ್ದಾರೆ. ಫ್ರಾನ್ಸಿನ ಬ್ರಿಟನಿಯಲ್ಲಿ ಜಾನ್ ಜುಗಾನ್ ಎಂಬ ಹೆಂಗಸು 1839ರಲ್ಲಿ ಕುರುಡಿ ಮುದುಕಿಯೊಬ್ಬಳನ್ನು ಮನೆಗೆ ತಂದು, ತನ್ನ ಹಾಸಿಗೆ ಬಿಟ್ಟುಕೊಟ್ಟು ತಾನು ಅಟ್ಟದಲ್ಲಿ ಮಲಗಿದಳು. ಬುಟ್ಟಿ ಹಿಡಿದು ಬೀದಿ ಬೀದಿ ಬೇಡಿ ಇಂಥ ಮುದುಕರನ್ನು ಸಾಕಿದಳು. ಅವಳು ಕಟ್ಟಿದ ಬಡವರ ಪುಟ್ಟ ಸೋದರಿಯರ ಸಭೆ 1882ರಲ್ಲಿ ಕೋಲ್ಕತ್ತಾಗೆ ಬಂತು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಅವರ ಮನೆಗೆ ನೂರು ವರ್ಷ ದಾಟಿದೆ. ಆದರೆ ಅದು ಬಡವರಿಗೆ. ಒಂದೂವರೆ ಎಕರೆಯ ಒಡತಿ ಅಲ್ಲಿ ಜಾಗ ಕೇಳುವುದು ತಪ್ಪಾಗುತ್ತಿತ್ತು.

ನಾವು ಗೊತ್ತು ಮಾಡಿದ ಮನೆಯ ಲೆಕ್ಕ ತಿಂಗಳಿಗೆ 42,000 ರೂಪಾಯಿ. ದೊಡ್ಡಮ್ಮನಿಗೆ ರೂಪಾಯಿಯಲ್ಲಿ ಹೇಳಿದರೆ ತಲೆಗೆ ಹತ್ತದು. “ಅಡಿಕೆ ಲೆಕ್ಕದಲ್ಲಿ ಹೇಳು” ಎಂದಳು. ಆಗಿನ ಧಾರಣೆಯಲ್ಲಿ ತಿಂಗಳಿಗೆ ಕ್ವಿಂಟಾಲಿಗೆ ಸ್ವಲ್ಪ ಕಮ್ಮಿ ರಾಶಿ ಇಡಿ ಅಡಿಕೆ ಎಂದೆ. ಬೆರಳು ಮಡಿಸಿದಳು. ವರ್ಷಕ್ಕೆ ಹತ್ತು ಹನ್ನೊಂದು ಕ್ವಿಂಟಾಲು. “ಒಂದು ಎಕರೆ ತೋಟದ ಫಸಲು ಪೂರ್ತಿ ನಾನೊಬ್ಬಳೇ ತಿಂದ ಹಾಗಾಯ್ತು. ಇನ್ನರ್ಧ ಎಕರೆ ಗೊಬ್ಬರಕ್ಕೆ, ಔಷಧಿ ಹೊಡೆಸೋಕೆ. ಕೊಳೆ ಬಂದ ವರ್ಷ ನೀವು ಹಾಕ್ಕೊಳಿ, ಆಮೇಲೆ ಪಾಲು ತಗೊಳೋರು ನೀವೇ ತಾನೆ!” ತೋಟವನ್ನು ಪರಿಚಯದವರಿಗೆ ಚೇಣಿ ಕೊಟ್ಟೆವು. ದುಡ್ಡು ಅವಳ ಖಾತೆಗೆ, ಅಲ್ಲಿಂದ ಪ್ರತಿ ತಿಂಗಳ ಐದಕ್ಕೆ ತಾನಾಗಿ ಆ ಮನೆಗೆ. ಕಡಿಮೆ ಬಿದ್ದರೆ ತುಂಬಲು ನಾವು ಮೈದುನರ ಮಕ್ಕಳೆಲ್ಲ ಸೇರಿ ಬೇರೆ ಒಂದು ಠೇವಣಿ ಇಟ್ಟಿದ್ದೇವೆ, ನ್ಯೂಜೆರ್ಸಿಯವನದೂ ಇದೆ.

ಮೊದಲ ಬಿಲ್ಲನ್ನು ಅವಳಿಗೆ ಸಾಲು ಸಾಲಾಗಿ ಓದಿದೆ. ಕೋಣೆ, ಊಟ 22,000. ನರ್ಸಿಂಗ್ 4,000. ಪರ್ಸನಲ್ ಕೇರ್ 16,000. ಹಾಗಂದರೇನು ಎಂದಳು. ಎತ್ತಿ ಕೂರಿಸುವುದು, ಮೀಯಿಸುವುದು, ತಲೆ ಬಾಚುವುದು ಎಂದೆ. ಮುತ್ತಜ್ಜಿಯ ಕಾಗದದಲ್ಲಿ ಇಲ್ಲದೆ ಹೋದ ಕಲಮು ಇಲ್ಲಿ ಅಂಕಿಯೊಂದಿಗೆ ಅಚ್ಚಾಗಿತ್ತು. “ಇದಕ್ಕೆ ಇಷ್ಟು ರೇಟಿದೆಯಾ? ಆಗಲೇ ಗೊತ್ತಿದ್ರೆ ನಿಮ್ಮಜ್ಜನ ಹತ್ರ ಇನ್ನೆರಡು ಎಕರೆ ಬರೆಸ್ಕೊಳ್ತಿದ್ದೆ” ಎಂದು ನಕ್ಕವಳು, ತಲೆ ಬಾಚುತ್ತಿದ್ದ ರಾಯಚೂರು ಕಡೆಯ ಹುಡುಗಿಯತ್ತ ತಿರುಗಿದಳು. “ನಿಂಗೆಷ್ಟು ಕೊಡ್ತಾರೆ?”

ಹುಡುಗಿ ಬಾಗಿಲ ಕಡೆ ನೋಡಿ, ಹದಿಮೂರು ಎಂದಳು. ಹನ್ನೆರಡು ಗಂಟೆಯ ಡ್ಯೂಟಿ, ಐದು ಜನ ಅಜ್ಜಿಯರು. ರಾತ್ರಿಗೆ ಇನ್ನೊಬ್ಬಳು, ಅವಳಿಗೂ ಅಷ್ಟೇ.

“ಐದು ಹದಿನಾರಲೆ ಎಂಬತ್ತು. ಇಬ್ಬರಿಗೆ ಇಪ್ಪತ್ತಾರು” ಎಂದು ದೊಡ್ಡಮ್ಮ ಸುಮ್ಮನಾದಳು. ಮ್ಯಾನೇಜರು ನನಗೆ ಕಟ್ಟಡದ ಬಾಡಿಗೆ, ಜನರೇಟರು, ವಾರದ ರಜೆಗೆ ಬದಲಿ ಆಳು ಎಂದೆಲ್ಲ ವಿವರಿಸಿದರು. ಸುಳ್ಳಲ್ಲ, ಆ ಖರ್ಚುಗಳೂ ಇವೆ. ಆದರೂ ಬರೆಯದೆ ದುಡಿಸಿಕೊಳ್ಳುವುದಕ್ಕೂ, ಬರೆದು ದುಡ್ಡು ಪಡೆದು ದುಡಿದವಳ ಕೈಗೆ ಇಷ್ಟೇ ಇಡುವುದಕ್ಕೂ ನಡುವೆ ನಾವು ದಾಟಿದ ದೂರ ಬಹಳವೇನಲ್ಲ. ಇದರಲ್ಲಿ ನಮ್ಮ ಸ್ವಾರ್ಥವೂ ಉಂಟು: ಸಂಬಳ ಸಾಲದ ಆಯಾ ನಾಲ್ಕು ತಿಂಗಳಿಗೆ ಬಿಟ್ಟುಹೋಗುತ್ತಾಳೆ, ಯಾವ ಅಜ್ಜಿಯ ಯಾವ ಭುಜ ನೋಯುತ್ತದೆ ಎಂಬ ತಿಳಿವಳಿಕೆಯೂ ಅವಳೊಂದಿಗೆ ಹೋಗುತ್ತದೆ. ಯಾರಾದರೂ ಇಂಥ ಮನೆ ಹುಡುಕುತ್ತಾ ನನ್ನನ್ನು ಕೇಳಿದರೆ ಈಗ ಮೊದಲು ಹೇಳುವುದು ಇದನ್ನೇ: ಹುಲ್ಲುಹಾಸು ಆಮೇಲೆ ನೋಡಿ, ಇಲ್ಲಿನ ಆಯಾಗಳು ಎಷ್ಟು ವರ್ಷದಿಂದ ಇದ್ದಾರೆ ಎಂದು ಕೇಳಿ.

ಈ ವರ್ಷ ಶೇಕಡ 8 ಹೆಚ್ಚಳದ ಪತ್ರ ಬಂದಿದೆ. ಅದರಲ್ಲಿ ಆಯಾಗಳ ಸಂಬಳಕ್ಕೆ ಎಷ್ಟು ಸೇರುತ್ತದೆ ಎಂದು ನಾವೆಲ್ಲ ಸಹಿ ಹಾಕಿ ಬರೆದು ಕೇಳಿದ್ದೇವೆ. ಇದುವರೆಗೆ ಯಾರೂ ಹೀಗೆ ಕೇಳಿರಲಿಲ್ಲ ಎಂದು ಮ್ಯಾನೇಜರು ಫೋನಿನಲ್ಲಿ ಹೇಳಿದರು, ಲಿಖಿತ ಉತ್ತರ ಇನ್ನೂ ಬಂದಿಲ್ಲ. ಹೆಚ್ಚಳಕ್ಕೆ ಒಪ್ಪಿಗೆಯ ಕಾಗದ ದೊಡ್ಡಮ್ಮನ ದಿಂಬಿನ ಅಡಿಯಲ್ಲಿದೆ. ಉತ್ತರ ಬರುವ ತನಕ ತನ್ನ ಹೆಬ್ಬೆಟ್ಟೂ ಇಲ್ಲ, ಸಹಿಯೂ ಇಲ್ಲ ಎಂದು ಕೂತಿದ್ದಾಳೆ.